ನಲವತ್ತರ ಆಸುಪಾಸಿನಲ್ಲಿ ಮೊದಲ ಮಗು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳು ಹುಟ್ಟಿದಾಗ ನನಗೆ 41. ಆಮೇಲೆ ಎಷ್ಟೋ ಜನ ಫೋನ್ ಮಾಡಿದರು, ಮೆಸೇಜ್ ಕಳಿಸಿದರು, ಮದುವೆ ಮನೆಯಲ್ಲಿ ಕೈ ಹಿಡಿದು ಪಕ್ಕಕ್ಕೆ ಕರೆದು ಕೇಳಿದರು. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಡಾಕ್ಟರ್ ಅಲ್ಲ. ಓದಿ, ಕೇಳಿ, ಅನುಭವಿಸಿ ತಿಳಿದದ್ದನ್ನು ಬರೆದಿದ್ದೇನೆ. ನಿಮ್ಮ ಮೈಗೆ ಯಾವುದು ಸರಿ ಅನ್ನುವುದನ್ನು ನಿಮ್ಮನ್ನು ನೋಡಿದ ಡಾಕ್ಟರೇ ಹೇಳಬೇಕು.

## ಮೊದಲ ಅನುಮಾನಗಳು

ಅಕ್ಕ, ನನಗೀಗ 37. ತುಂಬಾ ಲೇಟ್ ಆಗಿಬಿಡ್ತಾ?

ಇಲ್ಲ. ಆದರೆ ಇನ್ನು ಮುಂದೂಡುವ ಹಾಗಿಲ್ಲ. ಇಪ್ಪತ್ತರಿಂದ ಮೂವತ್ತರ ಶುರುವಿನವರೆಗೆ, ಆರೋಗ್ಯವಾಗಿರುವ ಹೆಣ್ಣಿಗೆ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. 40ರ ಹೊತ್ತಿಗೆ ಅದು ಹತ್ತರಲ್ಲಿ ಒಂದರಷ್ಟಕ್ಕೆ ಇಳಿಯುತ್ತದೆ. 35ರವರೆಗೆ ಈ ಇಳಿಕೆ ನಿಧಾನ. ಆಮೇಲೆ ಜೋರಾಗುತ್ತದೆ.

ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಭಯ ಕಡಿಮೆ ಮಾಡಿಕೊಳ್ಳಿ, ಅವಸರ ಜಾಸ್ತಿ ಮಾಡಿಕೊಳ್ಳಿ. ವಯಸ್ಸು ದೊಡ್ಡ ಪೆಟ್ಟು ಕೊಡುವುದು ಗರ್ಭ ನಿಲ್ಲುವ ಹಂತದಲ್ಲಿ ಮತ್ತು ಮೊದಲ ಮೂರು ತಿಂಗಳಲ್ಲಿ. ಅದು ದಾಟಿದ ಮೇಲೆ, ಸರಿಯಾದ ತಪಾಸಣೆ ಇದ್ದರೆ, ಹೆಚ್ಚಿನವರಿಗೆ ಆರೋಗ್ಯವಂತ ಮಗುವೇ ಹುಟ್ಟುತ್ತದೆ. ನಮ್ಮಲ್ಲಿ ನಡೆಯುವುದು ಉಲ್ಟಾ. ಬಸುರಿಯಾಗುವ ಮೊದಲು ವರ್ಷಗಟ್ಟಲೆ ಆರಾಮಾಗಿ ಕಾಯುತ್ತಾರೆ, ಬಸುರಿಯಾದ ದಿನದಿಂದ ಹೆದರಿಸಲು ಶುರು ಮಾಡುತ್ತಾರೆ.

ಮುಟ್ಟು ತಿಂಗಳು ತಿಂಗಳು ಸರಿಯಾಗಿ ಬರ್ತಿದೆ, ದಿನಾ ಯೋಗ ಮಾಡ್ತೀನಿ. ಆದ್ರೂ ವಯಸ್ಸು ಲೆಕ್ಕಕ್ಕೆ ಬರುತ್ತಾ?

ಬರುತ್ತದೆ. ಹೆಣ್ಣುಮಗು ಹುಟ್ಟುವಾಗಲೇ ಅವಳ ಅಂಡಾಶಯದಲ್ಲಿ ಹತ್ತಿಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಹುಟ್ಟಿದ ಮೇಲೆ ಹೊಸದು ಆಗುವುದಿಲ್ಲ. ಅಂದರೆ ನಿಮಗೆ 40 ಆದರೆ ನಿಮ್ಮ ಅಂಡಾಣುವಿಗೂ 40. ಸಂಖ್ಯೆ ಕಡಿಮೆಯಾಗುವುದರ ಜೊತೆಗೆ ಅವುಗಳೊಳಗಿನ ಕ್ರೋಮೋಸೋಮ್ (ವಂಶವಾಹಿಗಳನ್ನು ಹೊತ್ತ ಎಳೆಗಳು) ಹಂಚಿಕೆಯೂ ತಪ್ಪತೊಡಗುತ್ತದೆ. ಯೋಗ, ನಡಿಗೆ, ಒಳ್ಳೆಯ ಊಟ ನಿಮ್ಮ ಬಿಪಿಗೆ, ಸಕ್ಕರೆಗೆ, ಹೆರಿಗೆಗೆ ನಿಜವಾಗಿಯೂ ಸಹಾಯ ಮಾಡುತ್ತವೆ. ಅಂಡಾಣುವಿನ ವಯಸ್ಸನ್ನು ಹಿಂದಕ್ಕೆ ತರುವುದಿಲ್ಲ.

ನಮ್ಮಜ್ಜಿ 44ಕ್ಕೆ ಹೆತ್ತಿದ್ದಳು. ಡಾಕ್ಟರ್‌ಗಳು ಸುಮ್ನೆ ಹೆದರಿಸ್ತಾರೆ ಅಲ್ವಾ?

ನಿಮ್ಮಜ್ಜಿ 44ಕ್ಕೆ ಹೆತ್ತದ್ದು ಎಷ್ಟನೆಯ ಮಗು ಅಂತ ಮನೆಯಲ್ಲಿ ಕೇಳಿ ನೋಡಿ. ಹೆಚ್ಚಾಗಿ ಏಳನೆಯದೋ ಎಂಟನೆಯದೋ ಆಗಿರುತ್ತದೆ. ಅಷ್ಟು ಸಲ ಗರ್ಭ ನಿಂತ ದೇಹದ ಕಥೆ ಬೇರೆ, ಮೊದಲ ಸಲ ಪ್ರಯತ್ನಿಸುವವರ ಕಥೆ ಬೇರೆ. ಆ ಕಾಲದಲ್ಲಿ ಕಳೆದುಹೋದ ಗರ್ಭಗಳ ಬಗ್ಗೆ, ಬಾಣಂತನದಲ್ಲಿ ತೀರಿಕೊಂಡ ಹೆಣ್ಣುಮಕ್ಕಳ ಬಗ್ಗೆ ಯಾರೂ ಕಥೆ ಹೇಳುವುದಿಲ್ಲ. ಉಳಿದುಕೊಂಡವರ ಕಥೆಯಷ್ಟೇ ನಮ್ಮವರೆಗೆ ಬಂದಿದೆ.

ಎಷ್ಟು ದಿನ ನಾವೇ ಪ್ರಯತ್ನ ಮಾಡಿ ಆಮೇಲೆ ಡಾಕ್ಟರ್ ಹತ್ರ ಹೋಗ್ಬೇಕು?

35ರ ಒಳಗಿದ್ದರೆ ಒಂದು ವರ್ಷ. 35 ದಾಟಿದ್ದರೆ ಆರು ತಿಂಗಳು. 40 ಆಗಿದ್ದರೆ ಕಾಯುವುದೇ ಬೇಡ, ಮಗು ಬೇಕು ಅಂತ ತೀರ್ಮಾನಿಸಿದ ತಕ್ಷಣ ಹೋಗಿ. ಮುಟ್ಟು ಏರುಪೇರಾಗಿದ್ದರೆ, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆಯುವ ತೊಂದರೆ) ಇದ್ದರೆ, ಹಿಂದೆ ಅಂಡಾಶಯದ ಆಪರೇಷನ್ ಆಗಿದ್ದರೆ, ಯಾವ ವಯಸ್ಸಾದರೂ ಮೊದಲೇ ತೋರಿಸಿ.

ಅತ್ತೆ ಮೊದಲು ಸುಬ್ರಹ್ಮಣ್ಯಕ್ಕೆ ಹೋಗಿ ಬನ್ನಿ ಅಂತಾರೆ. ಆಸ್ಪತ್ರೆಗೆ ಆಮೇಲೆ ಹೋದರಾಯ್ತಾ?

ಎರಡಕ್ಕೂ ಹೋಗಿ. ಆದರೆ ಒಂದು ಮುಗಿಯಲಿ, ಆಮೇಲೆ ಇನ್ನೊಂದು ಅಂತ ಇಟ್ಟುಕೊಳ್ಳಬೇಡಿ. ಕುಕ್ಕೆಯಲ್ಲಿ ಸರ್ಪ ಸಂಸ್ಕಾರಕ್ಕೆ ದಿನ ಸಿಗುವುದಕ್ಕೇ ಕಾಯಬೇಕಾಗಬಹುದು. ಆ ಹೊತ್ತಿನಲ್ಲಿ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮುಗಿಸಿಬಿಡಬಹುದು.

ನಾವೂ ಚನ್ನಪಟ್ಟಣದ ಹತ್ತಿರ ದೊಡ್ಡಮಳೂರಿಗೆ ಹೋಗಿದ್ದೆವು. ಅಲ್ಲಿ ಅಂಬೆಗಾಲು ಕೃಷ್ಣನಿಗೆ ಜನ ಒಪ್ಪಿಸಿದ ಪುಟ್ಟ ಪುಟ್ಟ ಮರದ ತೊಟ್ಟಿಲುಗಳಿರುತ್ತವೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕವೂ ಇರುತ್ತವೆ. ಇಷ್ಟು ಜನ ನಮ್ಮ ಹಾಗೇ ಕಾದಿದ್ದಾರಲ್ಲ ಅನ್ನಿಸಿ ನನಗೆ ಎಷ್ಟೋ ಸಮಾಧಾನವಾಯಿತು. ಆ ಸಮಾಧಾನಕ್ಕೆ ಬೆಲೆಯಿದೆ. ಆದರೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಭಸ್ಮವನ್ನು ಮಾತ್ರ ಹೊಟ್ಟೆಗೆ ತೆಗೆದುಕೊಳ್ಳಬೇಡಿ. ಅಂಥವುಗಳಲ್ಲಿ ಸೀಸ, ಪಾದರಸ ಇರುವ ಸಾಧ್ಯತೆ ಇದೆ.

## ಗರ್ಭ ನಿಲ್ಲುವ ಮೊದಲು

ಮೊದಲ ಸಲ ಹೋದಾಗ ಏನೇನು ಟೆಸ್ಟ್ ಬರೀತಾರೆ?

ಸಾಮಾನ್ಯವಾಗಿ ಹಿಮೋಗ್ಲೋಬಿನ್, ಥೈರಾಯ್ಡ್, ಮೂರು ತಿಂಗಳ ಸಕ್ಕರೆಯ ಸರಾಸರಿ, ಬಿಪಿ, ರುಬೆಲ್ಲಾ (ಬಸುರಿನಲ್ಲಿ ಬಂದರೆ ಮಗುವಿಗೆ ಹಾನಿ ಮಾಡುವ ಸೋಂಕು), ಥಲಸ್ಸೀಮಿಯಾ (ಮಗುವಿಗೆ ದಾಟಬಹುದಾದ ರಕ್ತದ ಕಾಯಿಲೆ), ಎಎಂಎಚ್ (ಉಳಿದಿರುವ ಅಂಡಾಣುಗಳ ಅಂದಾಜು ಕೊಡುವ ರಕ್ತಪರೀಕ್ಷೆ), ಗರ್ಭಕೋಶ ಮತ್ತು ಅಂಡಾಶಯದ ಸ್ಕ್ಯಾನ್. ಈ ವಯಸ್ಸಿನಲ್ಲಿ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ (ಕ್ಯಾನ್ಸರ್ ಅಲ್ಲದ ಗಡ್ಡೆ) ಕಾಣಿಸುವುದು ಮಾಮೂಲು. ಎಲ್ಲಾ ಗಡ್ಡೆಯನ್ನೂ ತೆಗೆಯಬೇಕಿಲ್ಲ, ಎಲ್ಲಿದೆ ಮತ್ತು ಎಷ್ಟು ದೊಡ್ಡದಿದೆ ಅನ್ನುವುದರ ಮೇಲೆ ಹೋಗುತ್ತದೆ. ರುಬೆಲ್ಲಾ ಲಸಿಕೆ ಬೇಕಾದರೆ ಅದನ್ನು ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಅದಕ್ಕೇ ಅದು ಮೊದಲೇ ಆಗಿಬಿಡಲಿ.

ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭ ನಿಲ್ಲುವುದಕ್ಕಿಂತ ಕನಿಷ್ಠ ಒಂದು ತಿಂಗಳು ಮೊದಲೇ ಶುರು ಮಾಡಬೇಕು. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಮೊದಲ ನಾಲ್ಕು ವಾರಗಳಲ್ಲಿ. ಎಷ್ಟೋ ಜನರಿಗೆ ಆಗ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಡೋಸ್ ಬೇರೆ, ಡಾಕ್ಟರನ್ನು ಕೇಳಿ.

ನಮ್ಮನೆಯವರು ಟೆಸ್ಟ್ ಮಾಡಿಸ್ಕೊಳ್ಳೋಕೆ ಒಪ್ತಿಲ್ಲ. ತಮಗೇನೂ ತೊಂದರೆ ಇಲ್ಲ ಅಂತಾರೆ.

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಮಗುವಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ವೀರ್ಯ ಪರೀಕ್ಷೆ ಸುಲಭ, ನೋವಿಲ್ಲ, ಖರ್ಚೂ ಕಡಿಮೆ. ಹೆಂಡತಿಗೆ ಇಂಜೆಕ್ಷನ್, ಲ್ಯಾಪರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ನೋಡುವುದು) ಎಲ್ಲಾ ಮಾಡಿಸಿ ಒಂದು ವರ್ಷ ಕಳೆದ ಮೇಲೆ ಗಂಡನ ರಿಪೋರ್ಟ್ ನೋಡುವವರಿದ್ದಾರೆ. ಆ ಒಂದು ವರ್ಷ 39ರವಳಿಗೆ ತುಂಬಾ ದೊಡ್ಡದು.

ವಾದ ಮಾಡುವ ಬದಲು ಡಾಕ್ಟರ ಬಾಯಿಂದಲೇ ಹೇಳಿಸಿ. ಮೊದಲ ಭೇಟಿಗೇ ಇಬ್ಬರೂ ಹೋಗಿ. ಗಂಡಸಿನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ, 40-45 ದಾಟಿದ ಮೇಲೆ ಗರ್ಭಪಾತದ ಸಾಧ್ಯತೆ ಸ್ವಲ್ಪ ಏರುತ್ತದೆ. ಬೀಡಿ ಸಿಗರೇಟು, ಗುಟ್ಕಾ, ಕುಡಿತ ಬಿಟ್ಟರೆ ಅದರ ಫಲ ಕಾಣಲು ಎರಡೂವರೆ ಮೂರು ತಿಂಗಳು ಬೇಕು. ವೀರ್ಯಾಣು ತಯಾರಾಗಲು ಅಷ್ಟು ಸಮಯ ಹಿಡಿಯುತ್ತದೆ.

ಎಎಂಎಚ್ 0.8 ಬಂದಿದೆ. ಇನ್ನು ಆಸೆ ಬಿಡಬೇಕಾ?

ಬಿಡಬೇಡಿ. ಎಎಂಎಚ್ ಹೇಳುವುದು ಎಷ್ಟು ಅಂಡಾಣು ಉಳಿದಿರಬಹುದು ಅನ್ನುವುದನ್ನು. ಅವು ಹೇಗಿವೆ ಅಂತ ಹೇಳುವುದಿಲ್ಲ. ಸಹಜವಾಗಿ ಗರ್ಭ ನಿಲ್ಲಲು ತಿಂಗಳಿಗೆ ಒಂದು ಒಳ್ಳೆಯ ಅಂಡಾಣು ಸಾಕು. 32 ವರ್ಷದವಳ 0.8ಕ್ಕೂ 42 ವರ್ಷದವಳ 0.8ಕ್ಕೂ ತುಂಬಾ ವ್ಯತ್ಯಾಸವಿದೆ. ಐವಿಎಫ್ (ಅಂಡಾಣು, ವೀರ್ಯಾಣುಗಳನ್ನು ದೇಹದ ಹೊರಗೆ ಕೂಡಿಸಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಮಾಡಿದರೆ ಎಷ್ಟು ಅಂಡಾಣು ಸಿಗಬಹುದು ಅಂತ ಅಂದಾಜು ಮಾಡಲು ಈ ಸಂಖ್ಯೆ ಉಪಯೋಗಕ್ಕೆ ಬರುತ್ತದೆ. ಆ ಒಂದು ಚೀಟಿ ತೋರಿಸಿ ಯಾರಾದರೂ ಮೊದಲ ದಿನವೇ ದೊಡ್ಡ ಪ್ಯಾಕೇಜಿಗೆ ಸಹಿ ಹಾಕಿಸಲು ಬಂದರೆ, ಇನ್ನೊಬ್ಬ ಡಾಕ್ಟರನ್ನು ಕೇಳಿ.

ಈಗ 38, ಮದುವೆ ಇನ್ನೂ ಆಗಿಲ್ಲ. ಎಗ್ ಫ್ರೀಜ್ ಮಾಡಿಸಲಾ?

ಮಾಡಿಸಬಹುದು. ಆದರೆ ಅದು ಗ್ಯಾರಂಟಿ ಅಲ್ಲ. 35ರ ಒಳಗೆ ತೆಗೆದಿಟ್ಟ ಅಂಡಾಣುಗಳಿಂದ ಫಲ ಹೆಚ್ಚು. 38ಕ್ಕೆ ಒಂದು ಸಲ ತೆಗೆದರೆ ಸಾಕಾಗದೆ ಇರಬಹುದು. ತೆಗೆಯುವ ಖರ್ಚು, ವರ್ಷ ವರ್ಷ ಇಡುವ ಖರ್ಚು, ಮುಂದೆ ಐವಿಎಫ್ ಖರ್ಚು ಮೂರನ್ನೂ ಕೂಡಿಸಿ ಕೇಳಿ.

## ಬಸುರಿಯಾದ ಮೇಲೆ

ತಡವಾಗಿ ಆದ ಮಗುವಿಗೆ ಬುದ್ಧಿ ಕಡಿಮೆ ಇರುತ್ತೆ ಅಂತ ಪಕ್ಕದ ಮನೆಯವರು ಹೇಳಿದ್ರು. ರಾತ್ರಿ ನಿದ್ದೆ ಬರ್ತಿಲ್ಲ.

ಅವರು ಹೇಳುತ್ತಿರುವುದು ಡೌನ್ ಸಿಂಡ್ರೋಮ್ ಬಗ್ಗೆ, ಅಂದರೆ ಮಗುವಿಗೆ ಒಂದು ಕ್ರೋಮೋಸೋಮ್ ಹೆಚ್ಚಾಗಿ ಬಂದು ಕಲಿಕೆ ನಿಧಾನವಾಗುವ ಸ್ಥಿತಿ. ಅಂಕಿಗಳನ್ನು ಸರಿಯಾಗಿ ನೋಡೋಣ. ತಾಯಿಗೆ 25 ಇದ್ದಾಗ ಈ ಸಾಧ್ಯತೆ ಸುಮಾರು 1,250ರಲ್ಲಿ ಒಂದು. 35ಕ್ಕೆ ಸುಮಾರು 350ರಲ್ಲಿ ಒಂದು. 40ಕ್ಕೆ ಸುಮಾರು 100ರಲ್ಲಿ ಒಂದು. 45ಕ್ಕೆ ಸುಮಾರು 30ರಲ್ಲಿ ಒಂದು. ಏರಿಕೆ ನಿಜ, ಅದನ್ನು ಮುಚ್ಚಿಡಬಾರದು. ಆದರೆ 40ರ ತಾಯಂದಿರಲ್ಲಿ 100ಕ್ಕೆ 99 ಮಕ್ಕಳಿಗೆ ಅದು ಇರುವುದಿಲ್ಲ ಅನ್ನುವುದೂ ಅಷ್ಟೇ ನಿಜ. ಡೌನ್ ಸಿಂಡ್ರೋಮ್ ಇರುವ ಮಕ್ಕಳೂ ಸ್ಕೂಲಿಗೆ ಹೋಗುತ್ತಾರೆ, ಕೆಲಸ ಕಲಿಯುತ್ತಾರೆ, ಪ್ರೀತಿಯಿಂದ ಬಾಳುತ್ತಾರೆ. ಅವರ ಬಗ್ಗೆ ಹೀಗೆ ಮಾತಾಡುವುದೇ ತಪ್ಪು.

ಡಬಲ್ ಮಾರ್ಕರ್, ಎನ್‌ಐಪಿಟಿ, ಆಮ್ನಿಯೋ ಅಂತೆಲ್ಲಾ ಹೇಳ್ತಾರೆ. ಯಾವುದು ಮಾಡಿಸಬೇಕು?

ಮೊದಲ ಎರಡು ಸಾಧ್ಯತೆ ಹೇಳುವ ಪರೀಕ್ಷೆಗಳು. ಕೊನೆಯದು ಖಚಿತ ಹೇಳುವ ಪರೀಕ್ಷೆ. ಇದು ಮನಸ್ಸಿಗೆ ಬಂದರೆ ಅರ್ಧ ಗೊಂದಲ ಹೋಗುತ್ತದೆ.

11ರಿಂದ 14 ವಾರದೊಳಗೆ ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುವ ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ರಕ್ತಪರೀಕ್ಷೆ ಮಾಡುತ್ತಾರೆ. ಎನ್‌ಐಪಿಟಿ 10 ವಾರದ ಮೇಲೆ ಮಾಡುವ ರಕ್ತಪರೀಕ್ಷೆ. ಡೌನ್ ಸಿಂಡ್ರೋಮ್ ಮಟ್ಟಿಗೆ ಇದು ತುಂಬಾ ನಿಖರ, ಆದರೆ ದುಬಾರಿ. ಇವುಗಳಲ್ಲಿ ಹೈ ರಿಸ್ಕ್ ಅಂತ ಬಂದರೆ ಮಗುವಿಗೆ ತೊಂದರೆ ಇದೆ ಅಂತ ಅರ್ಥವಲ್ಲ, ಖಚಿತ ಪರೀಕ್ಷೆ ಬೇಕು ಅಂತ ಅರ್ಥ. ಆಮ್ನಿಯೋ 15 ವಾರದ ಮೇಲೆ ಮಾಡುತ್ತಾರೆ. ಹೊಟ್ಟೆಯ ಮೂಲಕ ಸೂಜಿ ಹಾಕಿ ಗರ್ಭದ ನೀರು ತೆಗೆಯುತ್ತಾರೆ. ಅದರಿಂದ ಗರ್ಭ ಹೋಗುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. 18ರಿಂದ 20 ವಾರದ ಹೊತ್ತಿಗೆ ಅಂಗಾಂಗಗಳ ಅನಾಮಲಿ ಸ್ಕ್ಯಾನ್ ಇದೆ, ಇದನ್ನು ಯಾರೂ ತಪ್ಪಿಸಬಾರದು.

ತಾರೀಖುಗಳು ಮುಖ್ಯ, ಯಾಕೆಂದರೆ ಕಾನೂನಿಗೂ ತಾರೀಖಿದೆ. ಗರ್ಭಪಾತದ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯದ ಮೇಲೆ, ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರು ಡಾಕ್ಟರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶವಿದೆ. ಅದರಾಚೆ, ಮಗುವಿಗೆ ಗಂಭೀರ ತೊಂದರೆ ಇದ್ದರೆ ಮೆಡಿಕಲ್ ಬೋರ್ಡ್ ನೋಡಿ ಹೇಳಬೇಕು. ಏನು ಮಾಡುತ್ತೀರಿ ಅನ್ನುವುದು ನಿಮ್ಮ ತೀರ್ಮಾನ. ಯೋಚಿಸಲು ಸಮಯ ಸಿಗಲಿ ಅಂತಲಾದರೂ ಪರೀಕ್ಷೆ ಬೇಗ ಆಗಲಿ. ಮಗು ಗಂಡೋ ಹೆಣ್ಣೋ ಅಂತ ಈ ಯಾವ ಪರೀಕ್ಷೆಯಲ್ಲೂ ಕೇಳುವ ಹಾಗಿಲ್ಲ, ಹೇಳುವ ಹಾಗಿಲ್ಲ. 1994ರ ಕಾಯ್ದೆಯ ಪ್ರಕಾರ ಅದು ಅಪರಾಧ.

ಪಿಎಚ್‌ಸಿಯಲ್ಲಿ ತಾಯಿ ಕಾರ್ಡ್ ಮೇಲೆ ಕೆಂಪು ಸ್ಟಿಕ್ಕರ್ ಅಂಟಿಸಿದ್ರು. ಅಷ್ಟೊಂದು ಅಪಾಯನಾ?

ಕೆಂಪು ಅಂದರೆ ನಿಮ್ಮನ್ನು ಹೆಚ್ಚು ಗಮನವಿಟ್ಟು ನೋಡಬೇಕು ಅಂತ ಸಿಬ್ಬಂದಿಗೆ ಗುರುತು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅಲ್ಲಿ ಹೀಗೆ ಗುರುತು ಹಾಕುತ್ತಾರೆ. ಅದರಿಂದ ನಿಮಗೇ ಅನುಕೂಲ. ಆಶಾ ಕಾರ್ಯಕರ್ತೆ ಬೇರೆಯವರಿಗಿಂತ ಜಾಸ್ತಿ ಸಲ ವಿಚಾರಿಸುತ್ತಾರೆ, ಹೆರಿಗೆಗೆ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತಾರೆ. ಮೈಸೂರಿನ ಚೆಲುವಾಂಬ, ಬೆಂಗಳೂರಿನ ವಾಣಿವಿಲಾಸದಂಥ ಕಡೆ ಇಂಥ ಹೆರಿಗೆಗಳನ್ನು ದಿನವೂ ನೋಡಿದವರಿರುತ್ತಾರೆ.

ನೀವು ಕಣ್ಣಿಡಬೇಕಾದದ್ದು ಬಿಪಿ ಮೇಲೆ. ಬಸುರಿನಲ್ಲಿ ಬಿಪಿ ಏರಿ ಬರುವ ನಂಜು (ಪ್ರಿಎಕ್ಲಾಂಪ್ಸಿಯಾ) 40 ದಾಟಿದವರಿಗೆ, ಅದರಲ್ಲೂ ಮೊದಲ ಬಸುರಿನಲ್ಲಿ ಜಾಸ್ತಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ದಿಢೀರನೆ ಊದಿಕೊಳ್ಳುವುದು, ಎದೆಗೂಡಿನ ಕೆಳಗೆ ನೋವು: ಇದರಲ್ಲಿ ಯಾವುದು ಕಂಡರೂ ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ ಹೋಗಿ. ಅಪಾಯ ಹೆಚ್ಚಿರುವವರಿಗೆ 12ರಿಂದ 16 ವಾರದ ನಡುವೆ ಕಡಿಮೆ ಡೋಸಿನ ಆಸ್ಪಿರಿನ್ ಶುರು ಮಾಡುತ್ತಾರೆ. ನಿಮಗೆ ಬೇಕಾ ಅಂತ ನೀವೇ ಕೇಳಿ.

ಗ್ಲೂಕೋಸ್ ಕುಡಿಸಿ ಮಾಡೋ ಟೆಸ್ಟ್ ಕಷ್ಟನಾ? ನಮ್ಮ ಮನೇಲಿ ಯಾರಿಗೂ ಶುಗರ್ ಇಲ್ಲ.

ಮನೆಯಲ್ಲಿ ಯಾರಿಗೂ ಇಲ್ಲದಿದ್ದರೂ ಬರಬಹುದು, ವಯಸ್ಸೇ ಒಂದು ಕಾರಣ. 75 ಗ್ರಾಂ ಗ್ಲೂಕೋಸ್ ಪುಡಿಯನ್ನು ಸುಮಾರು 300 ಎಂಎಲ್ ನೀರಿಗೆ ಹಾಕಿ ಕೊಡುತ್ತಾರೆ. ಐದು ಹತ್ತು ನಿಮಿಷದಲ್ಲಿ ಕುಡಿದು ಮುಗಿಸಬೇಕು. ಮೊದಲ ಎರಡು ಗುಟುಕು ಪಾನಕದ ಹಾಗೆ ಇಳಿಯುತ್ತದೆ. ಅರ್ಧ ಲೋಟ ಆಗುವಾಗ ಗಂಟಲಲ್ಲೇ ನಿಂತ ಹಾಗಾಗುತ್ತದೆ, ತಳದಲ್ಲಿ ಕರಗದ ಪುಡಿ ನಾಲಿಗೆಗೆ ಸಿಗುತ್ತದೆ. ನಾನು ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಿದ್ದೆ. ಪಕ್ಕದಲ್ಲಿದ್ದ ಹುಡುಗಿ ಮೂಗಿನಿಂದ ನಿಧಾನಕ್ಕೆ ಉಸಿರು ತಗೊಳ್ಳಿ ಅಂತ ಹೇಳಿಕೊಟ್ಟಳು. ಅದರಿಂದ ನಿಜಕ್ಕೂ ವಾಂತಿ ತಡೆಯಿತು. ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ದಿನ ಮತ್ತೆ ಮಾಡಿಸಬೇಕು.

ಎರಡು ಗಂಟೆಯ ಮೇಲೆ ರಕ್ತದಲ್ಲಿ ಸಕ್ಕರೆ 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಸುರಿನ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರದಲ್ಲಿ ಇನ್ನೊಮ್ಮೆ ಈ ಪರೀಕ್ಷೆ ಆಗಬೇಕು. ಬಂದರೆ ಗಾಬರಿ ಬೇಡ. ಎಷ್ಟೋ ಜನರಿಗೆ ಊಟದ ಬದಲಾವಣೆ ಮತ್ತು ನಡಿಗೆಯಲ್ಲೇ ಹತೋಟಿಗೆ ಬರುತ್ತದೆ. ತಟ್ಟೆಯಲ್ಲಿ ಅನ್ನ ಕಡಿಮೆ ಮಾಡಿ ಪಲ್ಯ, ಕಾಳು, ಮೊಟ್ಟೆ ಹೆಚ್ಚಿಸುವುದೇ ಶುರು. ರಾಗಿ ಒಳ್ಳೆಯದು ಅಂತ ದೊಡ್ಡ ಮುದ್ದೆ ಎರಡು ತಿಂದರೆ ಅದೂ ಸಕ್ಕರೆ ಏರಿಸುತ್ತದೆ.

ಮನೆಯವರು ಬೆಡ್ ರೆಸ್ಟ್ ಅಂತ ಮಂಚ ಬಿಟ್ಟು ಇಳಿಯೋಕೇ ಬಿಡ್ತಿಲ್ಲ.

ಡಾಕ್ಟರ್ ನಿರ್ದಿಷ್ಟ ಕಾರಣ ಹೇಳಿ ಬರೆದುಕೊಟ್ಟಿಲ್ಲದಿದ್ದರೆ ಮಲಗಿಯೇ ಇರಬೇಡಿ. ಮಲಗುವುದರಿಂದ ಗರ್ಭ ಉಳಿಯುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ. ಸಕ್ಕರೆ, ತೂಕ ಏರುತ್ತವೆ. ನಡೆಯಿರಿ, ಆಫೀಸಿಗೆ ಹೋಗಿ, ಸಾಕಾದಾಗ ಮಲಗಿ.

ಎರಡು ಸಲ ಮೂರನೇ ತಿಂಗಳೊಳಗೇ ಹೋಯ್ತು. ನಾನೇನು ತಪ್ಪು ಮಾಡಿದೆ?

ಏನೂ ಮಾಡಿಲ್ಲ. ಸ್ಕೂಟಿ ಓಡಿಸಿದ್ದು, ಪರಂಗಿ ಹಣ್ಣು ತಿಂದದ್ದು, ನೀರಿನ ಬಿಂದಿಗೆ ಎತ್ತಿದ್ದು, ಯಾರದೋ ಸೂತಕದ ಮನೆಗೆ ಹೋದದ್ದು ಯಾವುದೂ ಕಾರಣವಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕ್ರೋಮೋಸೋಮ್ ಏರುಪೇರೇ ಕಾರಣ. ಗರ್ಭ ನಿಂತ ಕ್ಷಣದಲ್ಲೇ ಅದು ಆಗಿಹೋಗಿರುತ್ತದೆ. 40ರ ಹೊತ್ತಿಗೆ ಮೂರರಲ್ಲಿ ಒಂದು ಗರ್ಭ ಹೀಗೆ ಹೋಗುತ್ತದೆ.

ಎರಡು ಸಲ ಆದ ಮೇಲೆ ಹಾಗೇ ಬಿಡಬೇಡಿ. ಥೈರಾಯ್ಡ್, ರಕ್ತ ಹೆಪ್ಪುಗಟ್ಟಿಸುವ ಆಂಟಿಬಾಡಿಗಳು, ಗರ್ಭಕೋಶದ ಆಕಾರ, ಗಂಡ ಹೆಂಡತಿ ಇಬ್ಬರ ಕ್ರೋಮೋಸೋಮ್ ನೋಡಿಸಿ. ಕೆಲವಕ್ಕೆ ಚಿಕಿತ್ಸೆ ಇದೆ. ಕೆಲಸಕ್ಕೆ ಹೋಗುವವರಿಗೆ ಗರ್ಭಪಾತವಾದರೆ ಆರು ವಾರ ಸಂಬಳದ ರಜೆ ಕಾನೂನಿನಲ್ಲಿದೆ. ತುಂಬಾ ಜನರಿಗೆ ಇದು ಗೊತ್ತಿಲ್ಲ, ಸಿಕ್ ಲೀವ್ ಹಾಕಿ ಮೂರೇ ದಿನಕ್ಕೆ ಹೋಗಿ ಕೂರುತ್ತಾರೆ. ರಜೆ ತೆಗೆದುಕೊಳ್ಳಿ. ಅಳಬೇಕು ಅನ್ನಿಸಿದರೆ ಅತ್ತುಬಿಡಿ.

40 ಆದ್ಮೇಲೆ ಸಿಸೇರಿಯನ್ನೇ ಅಲ್ವಾ?

ಆಗಲೇಬೇಕು ಅಂತ ಇಲ್ಲ. ಸಾಧ್ಯತೆ ಜಾಸ್ತಿ ಅಷ್ಟೇ. ಮಗುವಿನ ತಲೆ ಕೆಳಗಿದ್ದು, ಬಿಪಿ ಸಕ್ಕರೆ ಹತೋಟಿಯಲ್ಲಿದ್ದರೆ ನಾರ್ಮಲ್ ಹೆರಿಗೆಗೆ ಪ್ರಯತ್ನಿಸಬಹುದು. 40 ದಾಟಿದವರಿಗೆ ದಿನ ತುಂಬಿದ ಮೇಲೆ ಹೆಚ್ಚು ಕಾಯದೆ ನೋವು ಬರಿಸುವುದು ಉಂಟು, ಯಾಕೆಂದರೆ ಕೊನೆಯ ವಾರಗಳಲ್ಲಿ ಮಗುವಿಗೆ ಅಪಾಯ ಸ್ವಲ್ಪ ಹೆಚ್ಚು. ಸಿಸೇರಿಯನ್ ಆದರೆ ಅದರಲ್ಲಿ ಸೋಲೇನೂ ಇಲ್ಲ.

## ಬಾಣಂತನ

ಅಮ್ಮನಿಗೆ 72. ಮಂಡಿನೋವು ಬೇರೆ. ಬಾಣಂತನ ಯಾರು ಮಾಡ್ತಾರೆ?

ತಡವಾಗಿ ತಾಯಿಯಾಗುವವರ ನಿಜವಾದ ಕಷ್ಟ ಇದೇ ಅಂತ ನನಗನ್ನಿಸುತ್ತದೆ, ಆದರೆ ಇದರ ಬಗ್ಗೆ ಮಾತಾಡುವವರು ಕಡಿಮೆ. ನಮ್ಮ ತವರಿನ ಬಾಣಂತನ ನಡೆಯುತ್ತಿದ್ದದ್ದು ಅಮ್ಮನಿಗೆ ಐವತ್ತರ ಆಸುಪಾಸು ಅನ್ನುವ ಲೆಕ್ಕದ ಮೇಲೆ. ಈಗ ಅಮ್ಮನೇ ಬಿಪಿ ಮಾತ್ರೆ ನುಂಗಿ ಗೋಡೆ ಹಿಡಿದು ಏಳುತ್ತಾಳೆ. ಅವಳ ಕೈಯಲ್ಲಿ ಹಂಡೆ ನೀರು ಹೊರಿಸುವುದು ಸರಿಯಲ್ಲ.

ಏಳನೇ ತಿಂಗಳಲ್ಲೇ ಕೂತು ಮಾತಾಡಿ. ನೀರು ಹಾಕಲು, ಮಗುವಿಗೆ ಎರೆಯಲು ಬರುವ ಹೆಂಗಸರು ಊರೂರಲ್ಲೂ ಸಿಗುತ್ತಾರೆ, ಮೊದಲೇ ಹೇಳಿಟ್ಟುಕೊಳ್ಳಿ. ಅಡುಗೆಗೆ ಒಬ್ಬರು, ರಾತ್ರಿ ಒಂದು ಪಾಳಿಗೆ ಗಂಡ. ಅಮ್ಮ ಪಕ್ಕದಲ್ಲಿ ಕೂತು ಬಾಣಂತಿ ಖಾರಕ್ಕೆ ಮೆಣಸೆಷ್ಟು, ಶುಂಠಿಯೆಷ್ಟು ಅಂತ ಹೇಳಲಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳಲಿ. ನನ್ನಮ್ಮ ಹಾಗೇ ಮಾಡಿದಳು. ಕುರ್ಚಿಯಲ್ಲಿ ಕೂತೇ ಇಡೀ ಮನೆ ನಡೆಸಿದಳು.

ಹೊರದೇಶದಲ್ಲಿರುವವರು ಅಮ್ಮನನ್ನು ಕರೆಸಿಕೊಳ್ಳುವ ಮುಂಚೆ ಅವಳ ವೀಸಾ, ವಿಮೆ ಜೊತೆಗೆ ಮಾತ್ರೆಗಳ ಚೀಟಿಯನ್ನೂ ನೋಡಿಕೊಳ್ಳಿ.

ಬಾಣಂತಿ ನೀರು ಕುಡಿಯಬಾರದು, ಹೊಟ್ಟೆ ಬರುತ್ತೆ ಅಂತಾರೆ. ಹೌದಾ?

ಖಂಡಿತ ಕುಡಿಯಬೇಕು. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಸೋಂಕು ಬರುತ್ತವೆ, ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ವಯಸ್ಸು ಹೆಚ್ಚಿದ್ದು ಸಿಸೇರಿಯನ್ ಕೂಡ ಆಗಿದ್ದರೆ ಇದು ದೊಡ್ಡ ಮಾತು. ಬಿಸಿನೀರೇ ಕುಡಿಯಿರಿ, ಅತ್ತೆಗೂ ಸಮಾಧಾನ. ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಸಾರು, ಅಂಟಿನುಂಡೆ ಎಲ್ಲಾ ಇರಲಿ, ಸಕ್ಕರೆ ಕಾಯಿಲೆ ಬಂದಿದ್ದವರು ಉಂಡೆಯಲ್ಲಿ ಕೈ ಹಿಡಿತ ಮಾಡಿ. ಬಾಗಿಲು ಕಿಟಕಿ ಮುಚ್ಚಿ ಇದ್ದಿಲ ಹೊಗೆ ಹಾಕುವುದು ಮಾತ್ರ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಅದು ತಾಯಿ ಮಗು ಇಬ್ಬರ ಉಸಿರಿಗೂ ವಿಷ.

ಈ ವಯಸ್ಸಲ್ಲಿ ಹಾಲು ಬರುತ್ತಾ?

ಬರುತ್ತದೆ. ಹಾಲಿಗೆ ವಯಸ್ಸು ಅಡ್ಡಿಯಲ್ಲ. ಸಿಸೇರಿಯನ್, ಸಕ್ಕರೆ ಕಾಯಿಲೆ ಇದ್ದವರಿಗೆ ಒಂದೆರಡು ದಿನ ತಡವಾಗಬಹುದು. ಮೊದಲ ಹಳದಿ ಹಾಲನ್ನು ಚೆಲ್ಲಬೇಡಿ. ಜೇನುತುಪ್ಪ, ಸಕ್ಕರೆ ನೀರು ಕೊಡಬೇಡಿ.

ಇಷ್ಟು ವರ್ಷ ಕಾದು ಆದ ಮಗು. ಆದ್ರೂ ದಿನಾ ಅಳು ಬರುತ್ತೆ. ಯಾರ ಹತ್ರ ಹೇಳಲಿ?

ಕಾದು ಪಡೆದವರಿಗೆ ಅಳುವ ಹಕ್ಕೇ ಇಲ್ಲ ಅನ್ನುವ ಹಾಗೆ ಜನ ನಡೆದುಕೊಳ್ಳುತ್ತಾರೆ. ಹಾಗಲ್ಲ. ಮೊದಲ ಹತ್ತು ದಿನದ ಅಳು ಹೆಚ್ಚಿನ ತಾಯಂದಿರಿಗೆ ಬಂದು ಹೋಗುತ್ತದೆ. ಎರಡು ವಾರ ದಾಟಿಯೂ ಹೋಗದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಗುವಿಗೋ ನಿಮಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ, ಅವತ್ತೇ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ.

ಪಾರ್ಕಲ್ಲಿ ಒಬ್ಬರು ಮೊಮ್ಮಗುನಾ ಅಂತ ಕೇಳಿದ್ರು. ಏನು ಹೇಳೋದು?

"ಇಲ್ಲ, ನನ್ನ ಮಗಳು" ಅಂತ ಹೇಳಿ. ಅಷ್ಟು ಸಾಕು.

## ಕಷ್ಟದ ಪ್ರಶ್ನೆಗಳು

43 ಆಗಿದೆ. ಸ್ವಂತ ಅಂಡಾಣುವಿನಲ್ಲೇ ಐವಿಎಫ್ ಮಾಡಿಸಬೇಕು ಅಂತ ಆಸೆ.

ಆಸೆ ಅರ್ಥವಾಗುತ್ತದೆ. ಆದರೆ ಐವಿಎಫ್ ಅಂಡಾಣುವಿನ ವಯಸ್ಸನ್ನು ಕಡಿಮೆ ಮಾಡುವುದಿಲ್ಲ. 42-43 ದಾಟಿದ ಮೇಲೆ ಸ್ವಂತ ಅಂಡಾಣುವಿನಿಂದ ಒಂದು ಸೈಕಲ್‌ನಲ್ಲಿ (ಒಂದು ಸಲದ ಚಿಕಿತ್ಸೆಯಲ್ಲಿ) ಮಗು ಕೈಗೆ ಬರುವ ಸಾಧ್ಯತೆ ನೂರಕ್ಕೆ ಕೆಲವೇ. ಖರ್ಚು ಮಾತ್ರ ಪ್ರತಿ ಸಲವೂ ಲಕ್ಷದ ಮೇಲೆ. ಆಸ್ಪತ್ರೆಯಲ್ಲಿ ಒಂದು ಪ್ರಶ್ನೆಯನ್ನು ಬಿಡದೆ ಕೇಳಿ: "ನನ್ನ ವಯಸ್ಸಿನವರಲ್ಲಿ, ಸ್ವಂತ ಅಂಡಾಣುವಿನಲ್ಲಿ, ನಿಮ್ಮಲ್ಲಿ ಎಷ್ಟು ಜನರಿಗೆ ಮಗು ಹುಟ್ಟಿದೆ?" ಪ್ರೆಗ್ನೆನ್ಸಿ ಪಾಸಿಟಿವ್ ಬಂದ ಲೆಕ್ಕ ಬೇರೆ, ಮಗು ಹುಟ್ಟಿದ ಲೆಕ್ಕ ಬೇರೆ. ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ದಾನಿಯ ಅಂಡಾಣು ಅಂದ್ರೆ ಮಗು ನಂದು ಅಂತ ಹೇಗನ್ನಿಸುತ್ತೆ?

ನಿಮ್ಮ ರಕ್ತದಲ್ಲಿ ಬೆಳೆದು, ನಿಮ್ಮ ಹೊಟ್ಟೆಯಿಂದ ಹುಟ್ಟಿ, ನಿಮ್ಮ ಹಾಲು ಕುಡಿಯುವ ಮಗು ನಿಮ್ಮದೇ. ಕಾನೂನೂ ಹಾಗೇ ಹೇಳುತ್ತದೆ, ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇರುವುದಿಲ್ಲ. 2021ರ ಎಆರ್‌ಟಿ ಕಾಯ್ದೆಯ (ಐವಿಎಫ್‌ನಂಥ ಚಿಕಿತ್ಸೆಗಳಿಗೆ ಇರುವ ಕಾನೂನು) ಪ್ರಕಾರ ದಾನಿಯ ವಯಸ್ಸು 23ರಿಂದ 35ರ ಒಳಗಿರಬೇಕು. ಅವಳು ಜೀವನದಲ್ಲಿ ಒಮ್ಮೆ ಮಾತ್ರ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವ ಹಾಗಿಲ್ಲ. ನೋಂದಣಿಯಾದ ಬ್ಯಾಂಕಿನ ಮೂಲಕವೇ ಬರಬೇಕು. ನೋಂದಣಿ ಸಂಖ್ಯೆ ಕೇಳಿ ನೋಡಿ.

ಒಪ್ಪಲು ಸಮಯ ಬೇಕು. ಗಂಡನೋ ಅತ್ತೆಯೋ ಒತ್ತಾಯ ಮಾಡಿದರು ಅಂತ ಸಹಿ ಹಾಕಬೇಡಿ. ಮಗುವಿಗೆ ಮುಂದೆ ಹೇಳುತ್ತೀರಾ ಅನ್ನುವುದನ್ನೂ ಈಗಲೇ ಇಬ್ಬರೂ ಮಾತಾಡಿಕೊಳ್ಳಿ. ಚಿಕ್ಕಂದಿನಲ್ಲೇ ಸರಳವಾಗಿ ಹೇಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಆಂಧ್ರದಲ್ಲಿ 70 ದಾಟಿದ ಅಜ್ಜಿಗೇ ಅವಳಿ ಮಕ್ಕಳಾದವಲ್ಲ, ನನಗ್ಯಾಕೆ 51ಕ್ಕೆ ಆಗಲ್ಲ ಅಂತಾರೆ?

ಗುಂಟೂರಿನಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಆದದ್ದು ದಾನಿಯ ಅಂಡಾಣುವಿನಿಂದ, ಸಿಸೇರಿಯನ್ ಮೂಲಕ. ಆಗ ಈ ಎಆರ್‌ಟಿ ಕಾಯ್ದೆ ಇರಲಿಲ್ಲ. ಈಗ ಹೆಣ್ಣಿಗೆ 50, ಗಂಡಿಗೆ 55 ದಾಟಿದ ಮೇಲೆ ಈ ಚಿಕಿತ್ಸೆ ಕೊಡುವ ಹಾಗಿಲ್ಲ. ಆ ವಯಸ್ಸಿನಲ್ಲಿ ಹೃದಯ, ಬಿಪಿ ಮೇಲೆ ಬೀಳುವ ಹೊರೆ ನೋಡಿದರೆ ಈ ಮಿತಿ ಸರಿಯಾಗಿಯೇ ಇದೆ.

ಮದುವೆ ಆಗಿಲ್ಲ, ಆಗೋದೂ ಇಲ್ಲ. ಒಬ್ಬಳೇ ತಾಯಿಯಾಗಬಹುದಾ?

ಆಗಬಹುದು. ಎಆರ್‌ಟಿ ಕಾಯ್ದೆ 21 ದಾಟಿದ ಒಂಟಿ ಹೆಣ್ಣಿಗೂ ದಾನಿಯ ವೀರ್ಯದ ಮೂಲಕ ಚಿಕಿತ್ಸೆಗೆ ಅವಕಾಶ ಕೊಡುತ್ತದೆ. ಬಾಡಿಗೆ ತಾಯ್ತನದ ಕಾಯ್ದೆಯಲ್ಲಿ ಮಾತ್ರ ಒಂಟಿ ಹೆಣ್ಣು ಅಂದರೆ 35ರಿಂದ 45ರ ವಿಧವೆ ಅಥವಾ ವಿಚ್ಛೇದಿತೆ ಮಾತ್ರ.

ದತ್ತು ತಗೊಳ್ಳೋಣ ಅಂತಿದ್ದೀವಿ. ವಯಸ್ಸಿನ ಮಿತಿ ಇದೆಯಾ?

ಇದೆ, ಅದಕ್ಕೇ ಐವಿಎಫ್ ಎಲ್ಲಾ ಮುಗಿಯಲಿ ಅಂತ ಕಾಯಬೇಡಿ. ದತ್ತು ನಡೆಯುವುದು ಕೇಂದ್ರದ ಕಾರಾ ಸಂಸ್ಥೆಯ ಆನ್‌ಲೈನ್ ನೋಂದಣಿಯ ಮೂಲಕ. ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿಯ ವಯಸ್ಸು ಕೂಡಿಸಿ 85 ಮೀರಬಾರದು, ಒಂಟಿಯಾದರೆ 40. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90 ಮತ್ತು 45. ನಾಲ್ಕರಿಂದ ಎಂಟಕ್ಕೆ 100 ಮತ್ತು 50. ಎಂಟರ ಮೇಲೆ 110 ಮತ್ತು 55. ಪುಟ್ಟ ಮಗುವಿಗೆ ಕಾಯುವ ಸಾಲು ವರ್ಷಗಟ್ಟಲೆ ಉದ್ದ. ಸ್ವಲ್ಪ ದೊಡ್ಡ ಮಕ್ಕಳೂ ಅಮ್ಮ ಬೇಕು ಅಂತ ಕಾಯುತ್ತಿರುತ್ತಾರೆ. ಆಸ್ಪತ್ರೆಯಲ್ಲಿ, ಸಿಕ್ಕವರ ಕೈಯಿಂದ ಮಗು ಕೊಡಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ, ಅದು ಅಪರಾಧ.

ಯಾವಾಗ ಸಾಕು ಅಂತ ನಿಲ್ಲಿಸಬೇಕು?

ಇದಕ್ಕೆ ಡಾಕ್ಟರ ಹತ್ತಿರವೂ ಒಂದೇ ಉತ್ತರ ಇಲ್ಲ. ಶುರು ಮಾಡುವ ಮೊದಲೇ ಎಷ್ಟು ಹಣ, ಎಷ್ಟು ಸಲ ಅಂತ ಇಬ್ಬರೂ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಒಡವೆ ಅಡವಿಟ್ಟು, ಸೈಟು ಮಾರಿ ಮುಂದುವರಿದ ಜೋಡಿಗಳನ್ನು ನೋಡಿದ್ದೇನೆ. ಪ್ರತಿ ಸಲ ಸೋತ ನೋವಿನಲ್ಲೇ ಮುಂದಿನದಕ್ಕೆ ಹಣ ಕಟ್ಟಿಬಿಡುತ್ತಾರೆ. ಒಂದು ಸೈಕಲ್ ಮುಗಿದ ಮೇಲೆ ಸ್ವಲ್ಪ ದಿನ ಬಿಟ್ಟು ಆ ಕಾಗದ ತೆಗೆದು ನೋಡಿ. ನಿಲ್ಲಿಸಿದವರು ಕಡಿಮೆ ಪ್ರೀತಿಯವರಲ್ಲ. ಮಗುವಿಲ್ಲದ ಹೆಣ್ಣಿಗೆ ನಮ್ಮೂರುಗಳಲ್ಲಿ ಅನ್ನುವ ಕೆಟ್ಟ ಮಾತುಗಳಿವೆಯಲ್ಲ, ಅವನ್ನು ಕೇಳಿಸಿಕೊಳ್ಳಲಾರದೆ ಚಿಕಿತ್ಸೆ ಮುಂದುವರಿಸುತ್ತಿದ್ದರೆ, ಬದಲಾಗಬೇಕಾದದ್ದು ಆ ಮಾತು ಆಡುವವರು.

ಮಗುವಿಗೆ 20 ಆಗುವಾಗ ನನಗೆ 61. ಅದಕ್ಕೆ ಈಗಲೇ ಏನು ಮಾಡಿಡಬೇಕು?

ಮೊದಲು ನಿಮ್ಮ ಆರೋಗ್ಯ. ಬಸುರಿನಲ್ಲಿ ಸಕ್ಕರೆ ಬಂದಿದ್ದರೆ ಹೆರಿಗೆಯಾದ ಆರು ವಾರಕ್ಕೆ ಒಮ್ಮೆ, ಆಮೇಲೆ ವರ್ಷ ವರ್ಷ ಪರೀಕ್ಷೆ ಮಾಡಿಸಿ, ಮುಂದೆ ಅದೇ ಕಾಯಿಲೆಯಾಗಿ ನಿಲ್ಲುವ ಸಾಧ್ಯತೆ ಹೆಚ್ಚು. ಮುಟ್ಟು ಏರುಪೇರಾಯಿತು ಅಂತ ಗರ್ಭನಿರೋಧಕ ಬಿಡಬೇಡಿ, ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲೂ ಗರ್ಭ ನಿಲ್ಲಬಹುದು.

ಹಣದ ವಿಷಯಕ್ಕೆ ಬಂದರೆ, ಟರ್ಮ್ ಇನ್ಶೂರೆನ್ಸ್ ಮತ್ತು ಆರೋಗ್ಯ ವಿಮೆ ಈಗಲೇ ಮಾಡಿಸಿ, ವಯಸ್ಸಾದಷ್ಟೂ ಕಂತು ಏರುತ್ತದೆ. ಮಗುವಿನ ಕಾಲೇಜಿನ ಹಣ ಬೇರೆ, ನಿಮ್ಮ ನಿವೃತ್ತಿಯ ಹಣ ಬೇರೆ ಇರಲಿ. ನಿಮ್ಮಿಬ್ಬರಿಗೂ ಏನಾದರೂ ಆದರೆ ಮಗುವನ್ನು ನೋಡಿಕೊಳ್ಳುವವರು ಯಾರು ಅಂತ ಅವರ ಒಪ್ಪಿಗೆ ಕೇಳಿ ವಿಲ್‌ನಲ್ಲಿ ಬರೆಸಿ. ಅಜ್ಜ ಅಜ್ಜಿಯ ಹೆಸರು ಬೇಡ, ನಿಮಗಿಂತ ಚಿಕ್ಕವರಾದ ತಮ್ಮನೋ ನಾದಿನಿಯೋ ಇರಲಿ. ವಿಮೆಯ ಪಾಲಿಸಿಯಲ್ಲಿ ಮಗುವಿನ ಹೆಸರನ್ನು ನಾಮಿನಿ ಅಂತ ಬರೆಸುವಾಗ, 18 ತುಂಬುವವರೆಗೆ ಅವಳ ಪರವಾಗಿ ಹಣ ಪಡೆಯುವ ಒಬ್ಬ ದೊಡ್ಡವರ ಹೆಸರನ್ನೂ ಪಕ್ಕದಲ್ಲಿ ತುಂಬಿಸಿ.